ಅಡುಗೆ ತಾಣಕ್ಕೆ ಎಷ್ಟು ಜನ ಬಂದರು: ಎಣಿಸುವ ನಾಲ್ಕು ಸಾಧನಗಳ ಹೋಲಿಕೆ

ಮಲೆನಾಡಿನ ಅಡುಗೆಗಳನ್ನು ಬರೆದಿಡುವ ನನ್ನ ಸಣ್ಣ ಜಾಲತಾಣಕ್ಕೆ ಯಾರು ಎಲ್ಲಿಂದ ಬರುತ್ತಾರೆ, ಯಾವ ಪುಟ ಓದುತ್ತಾರೆ ಎಂದು ತಿಳಿಯಲು ಮೂರು ವರ್ಷಗಳಲ್ಲಿ ನಾಲ್ಕು ಸಾಧನಗಳನ್ನು ಬಳಸಿ ನೋಡಿದ್ದೇನೆ: ಗೂಗಲ್ ಅನಲಿಟಿಕ್ಸ್, ಮಟೊಮೊ, ಕುಕೀ (ಓದುಗರನ್ನು ಗುರುತಿಸಲು ಅವರ ಬ್ರೌಸರಿನಲ್ಲಿ ಇಡುವ ಸಣ್ಣ ಕಡತ) ಬಳಸದ, ಹಣ ಕಟ್ಟಿ ಪಡೆಯುವ ಒಂದು ವಿದೇಶಿ ಸೇವೆ, ಮತ್ತು ಸರ್ವರ್ ತಾನಾಗಿಯೇ ಬರೆದಿಡುವ ಲಾಗ್ ಕಡತವನ್ನು ಓದಿ ಲೆಕ್ಕ ಕೊಡುವ ಗೋಆಕ್ಸೆಸ್. ಹಣ ಕೊಟ್ಟದ್ದು ಮೂರನೆಯದಕ್ಕೆ. ಇಂದಿಗೂ ಬಳಸುತ್ತಿರುವುದು ನಯಾಪೈಸೆ ಖರ್ಚಿಲ್ಲದ ನಾಲ್ಕನೆಯದನ್ನು.

ಈ ಹುಡುಕಾಟ ಆರಂಭವಾದದ್ದು ಜರ್ಮನಿಯಲ್ಲಿರುವ ತಂಗಿಯ ಮಗಳಿಂದ. ಗೂಗಲ್ ಅನಲಿಟಿಕ್ಸ್ ಅಳವಡಿಸಿದ್ದ ಕಾರಣ ಯುರೋಪಿನ ಓದುಗರಿಗಾಗಿ ಕುಕೀಗೆ ಒಪ್ಪಿಗೆ ಕೇಳುವ ಪಟ್ಟಿಯೊಂದನ್ನು ಪುಟದ ಮೇಲೆ ಹಾಕಿದ್ದೆ. ಅದನ್ನು ಕಂಡು ಅವಳು ಫೋನಿನಲ್ಲಿ, "ದೊಡ್ಡಮ್ಮ, ತಂಬುಳಿ ಮಾಡುವುದು ಹೇಗೆ ಅಂತ ಓದುವುದಕ್ಕೂ ನಾನು ಒಪ್ಪಿಗೆ ಕೊಡಬೇಕಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಾಧನ ಓದುಗರ ಬ್ರೌಸರಿನಲ್ಲಿ ಇಡುವ ಗುರುತಿನ ಕುಕೀಗೆ ಮೊದಲೇ ನಿಗದಿಯಾದ ಆಯುಷ್ಯ ಎರಡು ವರ್ಷ. ಒಂದೆಲಗದ ತಂಬುಳಿಯನ್ನು ಒಮ್ಮೆ ಓದಿಹೋದವರನ್ನು ಎರಡು ವರ್ಷ ನೆನಪಿಟ್ಟುಕೊಂಡು ನಾನು ಮಾಡುವುದಾದರೂ ಏನು? 2022ರ ಆರಂಭದಲ್ಲಿ ಆಸ್ಟ್ರಿಯಾ ಮತ್ತು ಫ್ರಾನ್ಸಿನ ದತ್ತಾಂಶ ರಕ್ಷಣಾ ಪ್ರಾಧಿಕಾರಗಳು, ಓದುಗರ ಮಾಹಿತಿ ಅಮೆರಿಕಕ್ಕೆ ಹೋಗುವ ಕಾರಣಕ್ಕೆ ಇದರ ಬಳಕೆಯನ್ನು ಆಕ್ಷೇಪಿಸಿದ್ದವು. 2023ರ ಜುಲೈಯಲ್ಲಿ ಯುರೋಪ್ ಮತ್ತು ಅಮೆರಿಕದ ನಡುವೆ ಹೊಸ ವ್ಯವಸ್ಥೆ ಬಂದ ಮೇಲೆ ಆ ವಾದದ ಬಿಸಿ ಆರಿತು. ನನ್ನ ತಕರಾರು ಕಾನೂನಿನದಲ್ಲ. ಜಾಹೀರಾತು ಮಾರಿ ಬದುಕುವ ಕಂಪನಿಯ ಎಣಿಕೆಗಾರನನ್ನು ನನ್ನ ಅಡುಗೆಮನೆಯ ಬಾಗಿಲಲ್ಲಿ ಕೂರಿಸುವುದು ನನಗೆ ಸರಿ ಕಾಣಲಿಲ್ಲ, ಅಷ್ಟೆ. ಅದರ ವರದಿಗಳ ಸಾಮರ್ಥ್ಯದ ಬಗ್ಗೆ ನನ್ನ ದೂರಿಲ್ಲ.

ಮಟೊಮೊ ಒಳ್ಳೆಯ ತಂತ್ರಾಂಶ. 2018ರವರೆಗೆ ಪಿವಿಕ್ ಎಂಬ ಹೆಸರಿದ್ದ ಇದನ್ನು ನಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳಬಹುದು. ಕುಕೀಯನ್ನು ನಿಲ್ಲಿಸಬಹುದು, ಓದುಗರ ಅಂತರಜಾಲ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸದ ಕೊನೆಯ ಭಾಗವನ್ನು ಅಳಿಸಬಹುದು, ಮಾಹಿತಿ ಹೊರಗಿನವರ ಕೈಗೆ ಹೋಗುವುದಿಲ್ಲ. ಆದರೆ ಇದು ಪ್ರತಿ ಭೇಟಿಯನ್ನೂ ಡೇಟಾಬೇಸಿನಲ್ಲಿ ಬರೆದು, ಆಮೇಲೆ ಒಟ್ಟುಗೂಡಿಸಿ ವರದಿ ಮಾಡುವ ಕ್ರಮದ್ದು. ವರ್ಷದ ಬಾಡಿಗೆಗೆ ಸಿಗುವ, ಹಲವು ತಾಣಗಳು ಒಂದೇ ಸರ್ವರನ್ನು ಹಂಚಿಕೊಳ್ಳುವ ಹೋಸ್ಟಿಂಗಿನಲ್ಲಿ ಆ ಒಟ್ಟುಗೂಡಿಸುವ ಕೆಲಸವನ್ನು ಪದೇ ಪದೇ ನಡೆಸಲು ನನಗೆ ಅನುಮತಿ ಸಿಗಲಿಲ್ಲ. ವರದಿ ತೆರೆದರೆ ಕಾಫಿ ಆರುವಷ್ಟು ಹೊತ್ತು ಕಾಯಬೇಕಾಗುತ್ತಿತ್ತು.

ಹೀಗಿರುವಾಗ ಪಾವತಿ ಸೇವೆಯ ಸರಳ ಪುಟ ಕಣ್ಣಿಗೆ ಬಿತ್ತು. ಇಂಥ ಸೇವೆಗಳು ಕುಕೀ ಇಡುವ ಬದಲು ಓದುಗರ ಐಪಿ ವಿಳಾಸ ಮತ್ತು ಬ್ರೌಸರಿನ ವಿವರವನ್ನು, ದಿನಕ್ಕೊಮ್ಮೆ ಬದಲಾಗುವ ಒಂದು ಗುಪ್ತಸಂಖ್ಯೆಯೊಡನೆ ಬೆರೆಸಿ ಒಂದು ಗುರುತನ್ನು ಹುಟ್ಟಿಸುತ್ತವೆ; ಮರುದಿನ ಆ ಗುಪ್ತಸಂಖ್ಯೆ ಅಳಿಯುವುದರಿಂದ ನಿನ್ನೆಯ ಓದುಗರು ಇಂದು ಹೊಸಬರೇ ಆಗುತ್ತಾರೆ. ಗೋಪ್ಯತೆಯ ದೃಷ್ಟಿಯಿಂದ ಇದು ಮೆಚ್ಚತಕ್ಕ ಉಪಾಯ. ಒಂದು ವರ್ಷಕ್ಕೆ ಸುಮಾರು 8,000 ರೂಪಾಯಿಯನ್ನು ಒಟ್ಟಿಗೇ ಕಟ್ಟಿದೆ.

ತೊಡಕು ಕಾಣಿಸಿದ್ದು ವರದಿಯಲ್ಲಿ. ನನ್ನ ಪುಟಗಳ ವಿಳಾಸಗಳು ಕನ್ನಡದಲ್ಲಿವೆ. ತಂಬುಳಿ ಎಂಬುದು ನಮ್ಮ ಕಣ್ಣಿಗೆ ಮೂರಕ್ಷರದ ಪದ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡಿನ ಲೆಕ್ಕದಲ್ಲಿ ಸೊನ್ನೆ, ಗುಣಿತದ ಚಿಹ್ನೆಗಳೆಲ್ಲ ಸೇರಿ ಆರು ಸಂಕೇತ. ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್. ವಿಳಾಸವನ್ನು ಸರ್ವರಿಗೆ ಕಳಿಸುವಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರವಾಗಿ ಹಿಗ್ಗುತ್ತದೆ. ಹೀಗೆ ತಂಬುಳಿಯೊಂದಕ್ಕೇ 54 ಅಕ್ಷರವಾಯಿತು. ಆ ಸೇವೆಯ ವರದಿ ವಿಳಾಸಗಳನ್ನು ಮರಳಿ ಕನ್ನಡಕ್ಕೆ ತಿರುಗಿಸುತ್ತಿರಲಿಲ್ಲ. ಮೇಲಾಗಿ 40 ಅಕ್ಷರಕ್ಕೆ ಕತ್ತರಿಸಿ ತೋರಿಸುತ್ತಿತ್ತು. ಅಂದರೆ ಪ್ರತಿ ವಿಳಾಸದಲ್ಲಿ ಕಾಣುತ್ತಿದ್ದುದು ಮೊದಲ ನಾಲ್ಕು ಸಂಕೇತ ಮಾತ್ರ. ಕನ್ನಡದ ಪ್ರತಿ ಸಂಕೇತವೂ ಒಂದೇ ಬೈಟಿನಿಂದ ಆರಂಭವಾಗುವುದರಿಂದ ಸಾಲು ಸಾಲಾಗಿ ಒಂದೇ ಬಗೆಯ ಶೇಕಡಾ ಚಿಹ್ನೆಗಳ ಗೊಂಚಲು. ಒಂದೆಲಗದ ತಂಬುಳಿ ಯಾವುದು, ಒಂದೆಲಗದ ಚಟ್ನಿ ಯಾವುದು ಎಂದು ಬ್ರಹ್ಮನಿಗೂ ತಿಳಿಯದು. ಅವರಿಗೆ ಬರೆದಾಗ, ವಿಳಾಸಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟುಕೊಳ್ಳಬೇಕೆಂಬ ಸಲಹೆ ವಿನಯದಿಂದಲೇ ಬಂತು. 8,000 ರೂಪಾಯಿ ಕೊಟ್ಟು ಪಡೆದ ಸಲಹೆ.

ನ್ಯಾಯವಾಗಿ ಹೇಳುವುದಾದರೆ ಈ ತೊಡಕಿನಲ್ಲಿ ನನ್ನ ಪಾಲೂ ಇದೆ. ನನ್ನ ತಾಣವನ್ನು ನಡೆಸುವ ತಂತ್ರಾಂಶ, ಹಿಗ್ಗಿದ ವಿಳಾಸಕ್ಕೆ 200 ಅಕ್ಷರದ ಮಿತಿ ಹಾಕಿದೆ. "ಮಳೆಗಾಲದಲ್ಲಿ ಮಾಡುವ ಒಂದೆಲಗದ ತಂಬುಳಿ" ಎಂಬ ಶೀರ್ಷಿಕೆಯಿಂದ ಹುಟ್ಟಿದ ವಿಳಾಸ "ಒಂದೆಲಗ" ಎಂಬಲ್ಲಿಗೇ 200 ಮುಟ್ಟಿ ನಿಂತುಹೋಯಿತು. ಆಮೇಲೆ ಅದೇ ಮಾದರಿಯಲ್ಲಿ ಚಟ್ನಿಯ ಬಗ್ಗೆ ಬರೆದಾಗ ಅದೂ ಅಲ್ಲಿಗೇ ನಿಂತಿತು. ಎರಡನ್ನೂ ಬೇರ್ಪಡಿಸಲು ತಂತ್ರಾಂಶ ಕೊನೆಗೆ 2 ಎಂಬ ಅಂಕಿ ಸೇರಿಸಲು ಹೋಗಿ, ಜಾಗ ಸಾಲದೆ ಒಂದಕ್ಷರ ಕಿತ್ತು, "ಒಂದೆಲ-2" ಎಂದು ಮಾಡಿತು. ಗೂಗಲ್ ಅನಲಿಟಿಕ್ಸ್ ಮತ್ತು ಮಟೊಮೊ ಪುಟದ ಶೀರ್ಷಿಕೆಯನ್ನೂ ಸಂಗ್ರಹಿಸುವುದರಿಂದ ಅಲ್ಲಿ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಈಗ ವಿಳಾಸವನ್ನು ನಾನೇ "ಒಂದೆಲಗ-ತಂಬುಳಿ" ಎಂದು ಎರಡು ಪದಕ್ಕೆ ಮೊಟಕು ಮಾಡಿ ಬರೆಯುತ್ತೇನೆ, ಕನ್ನಡದಲ್ಲಿಯೇ.

ಗೋಆಕ್ಸೆಸ್ ಲಾಗ್ ಕಡತದಲ್ಲಿನ ವಿಳಾಸಗಳನ್ನು ಬಿಡಿಸಿ ಕನ್ನಡಕ್ಕೆ ತರುತ್ತದೆ. ಟರ್ಮಿನಲ್ಲಿನ ಕಪ್ಪು ಪರದೆಯಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಎಚ್‌ಟಿಎಂಎಲ್ ವರದಿಯಾಗಿ ಬರೆಸಿ ಬ್ರೌಸರಿನಲ್ಲಿ ತೆರೆದರೆ ಸ್ವಚ್ಛವಾಗಿ ಓದಬಹುದು. ಓದುಗರ ಬ್ರೌಸರಿನಲ್ಲಿ ಏನನ್ನೂ ಓಡಿಸುವ ಅಗತ್ಯವಿಲ್ಲ. ಜಾಹೀರಾತು ಮತ್ತು ಎಣಿಕೆಯ ತುಣುಕುಗಳನ್ನು ತಡೆಯುವ ಯುಬ್ಲಾಕ್ ಒರಿಜಿನ್ ಬಳಸುವ ತಂಗಿಯ ಮಗಳು ಮೊದಲ ಬಾರಿಗೆ ಲೆಕ್ಕಕ್ಕೆ ಸಿಕ್ಕಿದ್ದು ಇಲ್ಲಿಯೇ. ಇಲ್ಲದ ಪುಟವನ್ನು ಹುಡುಕಿ ಬಂದು ಬರಿಗೈಯಲ್ಲಿ ಹೋದವರ ಪಟ್ಟಿಯೂ ಸಿಗುತ್ತದೆ. ಮುರಿದ ಕೊಂಡಿಗಳನ್ನು ನಾನು ಸರಿಪಡಿಸುವುದು ಅದನ್ನು ನೋಡಿಯೇ.

ದೋಷವಿಲ್ಲದಿಲ್ಲ. ಲಾಗ್ ಎಂದರೆ ಮನುಷ್ಯರ ಜೊತೆಗೆ ಯಂತ್ರಗಳ ಜಾತ್ರೆ. ಮೊದಲ ದಿನದ ವರದಿ 1,900 ಸಂದರ್ಶಕರನ್ನು ತೋರಿಸಿದಾಗ ಒಂದು ಗಳಿಗೆ ಹಿಗ್ಗಿದ್ದು ನಿಜ. ಪುಟಗಳನ್ನು ತಾವಾಗಿಯೇ ಓದುತ್ತ ಹೋಗುವ ಯಂತ್ರಗಳಾದ ಕ್ರಾಲರುಗಳನ್ನು ಲೆಕ್ಕದಿಂದ ಬಿಡುವ ಆಯ್ಕೆಯನ್ನು ಹಾಕಿದ ಮೇಲೆ ಉಳಿದವರು 240. ಅವರಲ್ಲಿಯೂ ಕ್ರೋಮ್ ಬ್ರೌಸರಿನ ವೇಷ ಹಾಕಿದ ಯಂತ್ರಗಳು ಇದ್ದೇ ಇರುತ್ತವೆ. ಹಾಗಾಗಿ ಒಟ್ಟು ಸಂಖ್ಯೆಯನ್ನು ನಂಬದೆ, ಯಾವ ಪುಟ ಯಾವುದಕ್ಕಿಂತ ಹೆಚ್ಚು ಎಂಬುದನ್ನಷ್ಟೇ ನೋಡುತ್ತೇನೆ. ಲಾಗ್ ಇದ್ದಮಾತ್ರಕ್ಕೆ ಗೋಪ್ಯತೆ ಉಳಿಯಿತೆಂದೂ ತಿಳಿಯಬೇಕಾಗಿಲ್ಲ, ಏಕೆಂದರೆ ಅದರಲ್ಲಿ ಪೂರ್ಣ ಐಪಿ ವಿಳಾಸವಿರುತ್ತದೆ. ಬದಲಾಗುತ್ತಿರುವ ಐಪಿ ವಿಳಾಸವೂ ವೈಯಕ್ತಿಕ ದತ್ತಾಂಶವಾಗಬಹುದೆಂದು ಯುರೋಪಿನ ನ್ಯಾಯಾಲಯ 2016ರಲ್ಲಿಯೇ ಹೇಳಿದೆ. ವರದಿಯಲ್ಲಿ ಐಪಿ ವಿಳಾಸವನ್ನು ಮಸುಕುಗೊಳಿಸುವ ಆಯ್ಕೆ ಗೋಆಕ್ಸೆಸ್‌ನಲ್ಲಿಯೇ ಇದೆ. ಮೂಲ ಕಡತಗಳನ್ನು ಹದಿನೈದು ದಿನಕ್ಕೊಮ್ಮೆ ನಾನು ಅಳಿಸುತ್ತೇನೆ.

ತಿಂಗಳಿಗೆರಡು ಬಾರಿ, ಭಾನುವಾರದ ತಿಂಡಿ ಮುಗಿದ ಮೇಲೆ ಅರ್ಧ ಗಂಟೆ ಲೆಕ್ಕ ನೋಡುವ ನನ್ನ ಅಭ್ಯಾಸಕ್ಕೆ ಇದು ಸಾಕು. ಮಿಡಿ ಉಪ್ಪಿನಕಾಯಿ ಮಾರುವ ಅಂಗಡಿಯನ್ನು ಜಾಲದಲ್ಲಿ ತೆರೆದಿದ್ದರೆ, ಗಿರಾಕಿಗಳು ಯಾವ ಹಂತದಲ್ಲಿ ಹಿಂದೆ ಸರಿದರು ಎಂಬುದು ಬೇಕಾಗುತ್ತಿತ್ತು. ಆಗ ಸ್ವಂತ ಸರ್ವರ್ ಹಿಡಿದು ಮಟೊಮೊವನ್ನೇ ಹಾಕುತ್ತಿದ್ದೆ. ಒಪ್ಪಿಗೆಯ ಪಟ್ಟಿಯನ್ನು ತಾಣದಿಂದ ತೆಗೆದಿದ್ದೇನೆ. ಪಾವತಿ ಸೇವೆಯ ಅವಧಿ ಇನ್ನೂ ಐದು ತಿಂಗಳಿದ್ದರೂ ಅದರ ಎಣಿಕೆಯ ಕೋಡ್ ತುಣುಕನ್ನು ಪುಟಗಳಿಂದ ಕಿತ್ತು, ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಮರೆಯದೆ ನಿಲ್ಲಿಸಿದ್ದೇನೆ.