ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಏಳು ವರ್ಷ: ಡೀಸೆಲ್, ಸ್ಟ್ಯಾಕರ್, ಬ್ಯಾಟರಿ ಫೋರ್ಕ್‌ಲಿಫ್ಟ್

"ಎಷ್ಟು ಟನ್ನಿನ ಫೋರ್ಕ್‌ಲಿಫ್ಟ್ ತಗೊಂಡ್ರೆ ಒಳ್ಳೇದು?" ಕಾರಟಗಿ, ಸಿಂಧನೂರು ಕಡೆಯ ಗಿರಣಿಯವರು ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಕೇಳುತ್ತೇನೆ. ನಿಮ್ಮ ಗೋದಾಮಿನ ಶಟರ್ ಎಷ್ಟು ಎತ್ತರ? ಒಳಗೆ ನೆಲ ಕಾಂಕ್ರೀಟೋ, ಕಲ್ಲೋ? ಚೀಲದ ನಿಟ್ಟುಗಳ ನಡುವೆ ಎಷ್ಟು ಅಡಿ ದಾರಿ ಬಿಟ್ಟಿದ್ದೀರಿ? ಟನ್ನಿನ ಮಾತು ಇವೆಲ್ಲ ಆದಮೇಲೆ.

ಗಂಗಾವತಿ ಹತ್ತಿರದ ಒಂದು ಅಕ್ಕಿ ಗಿರಣಿಯಲ್ಲಿ ನಾನು ಗೋದಾಮು ನೋಡಿಕೊಳ್ಳುತ್ತೇನೆ. 2018ರಿಂದ ನಮ್ಮಲ್ಲಿ ಮೂರು ಯಂತ್ರ ದುಡಿದಿವೆ. 3 ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟ್, ಒಂದೂವರೆ ಟನ್ನಿನ ಬ್ಯಾಟರಿ ಸ್ಟ್ಯಾಕರ್, 2 ಟನ್ನಿನ ಬ್ಯಾಟರಿ ಫೋರ್ಕ್‌ಲಿಫ್ಟ್. ಕಂಪನಿಗಳ ಹೆಸರು ಬರೆಯುತ್ತಿಲ್ಲ. ನಾವು ಪಟ್ಟ ಕಷ್ಟ ಜಾಸ್ತಿ ಬಂದದ್ದು ಜಾಗ ನೋಡದೆ ಯಂತ್ರ ಆರಿಸಿದ್ದರಿಂದ.

ಅದಕ್ಕೂ ಮೊದಲು ಎಲ್ಲವೂ ಹಮಾಲರ ಬೆನ್ನ ಮೇಲೆ. ನಮ್ಮ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ನವೆಂಬರ್, ಡಿಸೆಂಬರ್‌ನಲ್ಲಿ ಮುಂಗಾರಿನ ಭತ್ತ ಬರುವಾಗ ಒಬ್ಬೊಬ್ಬರು ದಿನಕ್ಕೆ ಎಷ್ಟು ಚೀಲ ಹೊರುತ್ತಿದ್ದರು ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಐವತ್ತು ದಾಟುವಷ್ಟರಲ್ಲಿ ಮೊಣಕಾಲು, ಸೊಂಟ ಹೋಗಿರುತ್ತಿತ್ತು. ಡೀಸೆಲ್ ಯಂತ್ರ ಲಾರಿಯಿಂದ ಇಳಿದ ದಿನ ನಮ್ಮ ಹಿರಿಯ ಹಮಾಲ ಕಾಕಾ ಅದನ್ನು ಸುತ್ತು ಹಾಕಿ ನೋಡಿ, "ತಮ್ಮಾ, ಇದು ಬಂದ್ರ ನಮ್ಮ ಹೊಟ್ಟಿ ಗತಿ ಏನು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ನಮ್ಮ ದೊಡ್ಡ ತಪ್ಪು ಹೇಳಿಬಿಡುತ್ತೇನೆ. 2018ರಲ್ಲಿ ತಂದ ಡೀಸೆಲ್ ಯಂತ್ರ ಸೆಕೆಂಡ್ ಹ್ಯಾಂಡ್. ಎಂಜಿನ್ ಚೆನ್ನಾಗಿತ್ತು, ಬೆಲೆ ಸರಿಯಿತ್ತು. "ನಾಲ್ಕೂವರೆ ಮೀಟರ್ ಎತ್ತುತ್ತದೆ" ಎಂದು ಮಾರುವವರು ಹೇಳಿದಾಗ ನಮಗೆ ಖುಷಿಯೇ ಆಯಿತು. ಪ್ಯಾಲೆಟ್ (ಚೀಲ ಪೇರಿಸುವ ಹಲಗೆ) ಮೇಲೆ ಪ್ಯಾಲೆಟ್, ನಾಲ್ಕು ಅಂತಸ್ತು ಇಡಬಹುದು ಅಂದುಕೊಂಡೆವು. ತಂದು ನಿಲ್ಲಿಸಿದ ಮೇಲೆ ಗೊತ್ತಾಯಿತು, ಮಾಸ್ಟ್, ಅಂದರೆ ಫೋರ್ಕ್ ಎಂಬ ಎರಡು ಕಬ್ಬಿಣದ ತೋಳು ಏರಿಳಿಯುವ ಮುಂದಿನ ಕಂಬ, ಪೂರ್ತಿ ಇಳಿಸಿದರೂ ಅದರ ಎತ್ತರ 9 ಅಡಿ 3 ಇಂಚು. ನಮ್ಮ ಹಳೇ ಗೋದಾಮಿನ ಶಟರ್ 9 ಅಡಿ. ಮೂರು ಇಂಚಿಗಾಗಿ ಯಂತ್ರ ಹೊರಗೇ ಉಳಿಯಿತು. ಬಾಗಿಲ ಮೇಲಿನ ತೊಲೆ ಒಡೆಸಿ ಎತ್ತರಿಸಲು ಒಂದು ತಿಂಗಳು ಹಿಡಿಯಿತು. ಆ ತಿಂಗಳು ಸುಗ್ಗಿಯ ತಿಂಗಳು.

ಮಾಸ್ಟ್ ಎರಡು ಹಂತದ್ದಾದರೆ ಜಾಸ್ತಿ ಎತ್ತುವಂಥದ್ದು ಇಳಿಸಿದಾಗಲೂ ಉದ್ದವೇ ಇರುತ್ತದೆ. ಮೂರು ಹಂತದ ಮಾಸ್ಟ್ ತೆಗೆದುಕೊಂಡರೆ ಮಡಚಿದಾಗ ಗಿಡ್ಡವಾಗುತ್ತದೆ, ಏಳು ಅಡಿ ಆಸುಪಾಸಿಗೆ ಬರುತ್ತದೆ. ಆದರೆ ಅದರ ಬೆಲೆ ಹೆಚ್ಚು, ತೂಕ ಹೆಚ್ಚು, ಡ್ರೈವರ್ ಕಣ್ಣಿಗೆ ಮುಂದಿನ ನೋಟವೂ ಸ್ವಲ್ಪ ಮರೆಯಾಗುತ್ತದೆ. ಇಷ್ಟಾಗಿ ನಮಗೆ ನಾಲ್ಕೂವರೆ ಮೀಟರ್ ಬೇಕೇ ಇರಲಿಲ್ಲ. ರ‍್ಯಾಕ್ ಇಲ್ಲದೆ ಚೀಲದ ಮೇಲೆ ಚೀಲದ ಪ್ಯಾಲೆಟ್ ಇಟ್ಟರೆ ಮೂರನೆಯದಕ್ಕೇ ಕೆಳಗಿನ ಚೀಲ ಬಿರಿಯಲು ಶುರು. ಹೆಚ್ಚೆಂದರೆ ಮೂರೇ ಅಂತಸ್ತು, ಅದಕ್ಕೆ 3 ಮೀಟರ್ ಎತ್ತುವ ಸಾದಾ ಮಾಸ್ಟ್ ಸಾಕಿತ್ತು. ಅದು ಆ 9 ಅಡಿ ಬಾಗಿಲಲ್ಲಿ ಸಲೀಸಾಗಿ ಹೋಗುತ್ತಿತ್ತು.

ಮುಚ್ಚಿದ ಕಂಟೇನರ್ ಒಳಗೆ ಲೋಡ್ ಮಾಡುವವರು ಇನ್ನೊಂದು ವಿಷಯ ಕೇಳಿ ತಿಳಿದುಕೊಳ್ಳಿ. ಫೋರ್ಕ್ ಮೇಲೆ ಏರುವಾಗ ಮಾಸ್ಟ್ ಕೂಡ ತಕ್ಷಣ ಏರುತ್ತದಾ, ಅಥವಾ ಸ್ವಲ್ಪ ದೂರ ಫೋರ್ಕ್ ಮಾತ್ರ ಏರುತ್ತದಾ? ಇದಕ್ಕೆ ಫ್ರೀ ಲಿಫ್ಟ್ ಎನ್ನುತ್ತಾರೆ. ಅದು ಕಡಿಮೆ ಇದ್ದರೆ ಕಂಟೇನರ್ ಒಳಗೆ ಎರಡನೇ ಪ್ಯಾಲೆಟ್ ಇಡುವ ಮೊದಲೇ ಮಾಸ್ಟ್ ಛಾವಣಿಗೆ ಬಡಿಯುತ್ತದೆ.

ಡೀಸೆಲ್ ಯಂತ್ರದ ಗುಣ ಹೇಳಬೇಕು. ಅಂಗಳದಲ್ಲಿ ಅದಕ್ಕೆ ಸಾಟಿಯಿಲ್ಲ. ನಮ್ಮದು ಎರೆಮಣ್ಣಿನ ಜಾಗ, ಮೇಲೆ ಗರಸು ಹಾಕಿ ಗಟ್ಟಿ ಮಾಡಿದ್ದೇವೆ. ಮಳೆ ಬಂದರೆ ಅಲ್ಲಲ್ಲಿ ಕುಸಿಯುತ್ತದೆ. ಗಾಳಿ ಟೈರಿನ ಡೀಸೆಲ್ ಯಂತ್ರ ಅದರಲ್ಲೂ ಓಡಾಡಿತು. ಇಳಿಜಾರು ಹತ್ತಿತು. ಗಂಟೆಗೆ ಎರಡೂವರೆಯಿಂದ 3 ಲೀಟರ್ ಡೀಸೆಲ್ ಕುಡಿಯುತ್ತಿತ್ತು ಎಂದು ನಮ್ಮ ಡೈರಿಯಲ್ಲಿದೆ. ಒಂದೇ ಕಿರಿಕಿರಿ ಪಂಕ್ಚರ್. ಹಮಾಲರ ಕೊಕ್ಕೆ, ಮೊಳೆ, ತಂತಿ ಏನಾದರೊಂದು ಚುಚ್ಚುತ್ತಲೇ ಇತ್ತು. ಆಮೇಲೆ ಒಳಗೆಲ್ಲ ರಬ್ಬರೇ ತುಂಬಿದ ಸಾಲಿಡ್ ಟೈರ್ ಹಾಕಿಸಿದೆವು. ಪಂಕ್ಚರ್ ನಿಂತಿತು, ಡ್ರೈವರ್ ಬೆನ್ನಿಗೆ ಕುಲುಕಾಟ ಹೆಚ್ಚಿತು.

ಅಕ್ಕಿ ಗಿರಣಿಯವರು ಮರೆಯಬಾರದ್ದು ರೇಡಿಯೇಟರ್. ಹೊಟ್ಟು, ತೌಡಿನ ಪುಡಿ ಗಾಳಿಯಲ್ಲಿ ಸದಾ ಹಾರುತ್ತಿರುತ್ತದೆ. ಅದೆಲ್ಲ ರೇಡಿಯೇಟರ್ ಜಾಲರಿಯಲ್ಲಿ ಕೂತು ಎಂಜಿನ್ ಕಾಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಬೇಸಿಗೆ ಬೆಳೆಯ ಭತ್ತ ಬರುವುದೂ ಆಗಲೇ. ದಿನಾ ಸಂಜೆ ಎಂಜಿನ್ ಆರಿದ ಮೇಲೆ ಏರ್ ಪೈಪಿನಿಂದ, ಫ್ಯಾನಿನ ಗಾಳಿ ಹೋಗುವ ದಿಕ್ಕಿಗೆ ವಿರುದ್ಧವಾಗಿ ಊದಿಸುವುದನ್ನು ನಿಯಮ ಮಾಡಿದೆವು. ಗಾಳಿ ಹೋಗುವ ದಿಕ್ಕಿನಲ್ಲೇ ಊದಿದರೆ ಧೂಳು ಇನ್ನೂ ಒಳಗೆ ಸೇರಿಕೊಳ್ಳುತ್ತದೆ.

ಆದರೆ ಗೋದಾಮಿನ ಒಳಗೆ ಡೀಸೆಲ್ ಬೇಡವೇ ಬೇಡ. ಬೆಂಗಳೂರಿನ ಒಬ್ಬ ವ್ಯಾಪಾರಿ ನಮ್ಮ ಸೋನಾ ಮಸೂರಿ ಚೀಲ ಬಿಚ್ಚಿಸಿ, ಒಂದು ಹಿಡಿ ಮೂಸಿ ನೋಡಿ, ಸುಮ್ಮನೆ ನನ್ನ ಕೈಗೆ ಕೊಟ್ಟರು. ಹೊಗೆಯ ವಾಸನೆ. ಹಾಳೆಯಷ್ಟು ತೆಳುವಾದ ಚೀಲ, ಒಳಗೆ ಅಕ್ಕಿ. ಅದು ವಾಸನೆ ಹೀರದೆ ಇರುತ್ತದಾ? ಆ ಲೋಡು ವಾಪಸ್ ಬಂತು. ಒಳಗೆ ದುಡಿಯುವವರ ಎದೆಗೂ ಅದೇ ಹೊಗೆ ಹೋಗುತ್ತಿತ್ತು ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಅದಕ್ಕೇ 2019ರಲ್ಲಿ ಸ್ಟ್ಯಾಕರ್ ತಂದೆವು. ಹಿಂದೆ ನಡೆದುಕೊಂಡು ಹ್ಯಾಂಡಲ್ ಹಿಡಿದು ಓಡಿಸುವ ಸಣ್ಣ ಯಂತ್ರ. ಬೆಲೆ ಕಡಿಮೆ, ಇಕ್ಕಟ್ಟಿನಲ್ಲಿ ತಿರುಗುತ್ತದೆ. ಹೊಸ ಕಾಂಕ್ರೀಟ್ ನೆಲದ ಪ್ಯಾಕಿಂಗ್ ಕೋಣೆಯಲ್ಲಿ ಇವತ್ತಿಗೂ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿದೆ. ಹಳೇ ಗೋದಾಮಿನಲ್ಲಿ ಮಾತ್ರ ಮೊದಲ ದಿನವೇ ಸಿಕ್ಕಿಕೊಂಡಿತು. ಅಲ್ಲಿ ಶಹಾಬಾದ್ ಕಲ್ಲಿನ ನೆಲ. ಕಲ್ಲು ಕಲ್ಲಿನ ನಡುವೆ ಸಂದು, ಒಂದೆರಡು ಕಡೆ ಕಲ್ಲು ಕುಸಿದಿದೆ. ಸ್ಟ್ಯಾಕರಿನ ಚಕ್ರ ಅಂಗೈ ಅಗಲದ್ದು. ಸಂದಿಗೆ ಬಿದ್ದರೆ ನಿಂತೇ ಹೋಯಿತು. ಮೇಲೆ ಒಂದು ಟನ್ ಅಕ್ಕಿ ಏರಿಸಿಕೊಂಡಿದ್ದಾಗ ಹೀಗಾದರೆ ಜೀವಕ್ಕೇ ಕುತ್ತು. ರೀಚ್ ಟ್ರಕ್ ಎಂಬುದಕ್ಕೂ ಇದೇ ಮಾತು. ಅದು 9, 10 ಅಡಿ ದಾರಿಯಲ್ಲೇ ತಿರುಗಿ ತುಂಬ ಎತ್ತರಕ್ಕೆ ಇಡುತ್ತದೆ, ಆದರೆ ಕೇರಂ ಬೋರ್ಡಿನಂಥ ನೆಲ ಕೇಳುತ್ತದೆ. ರ‍್ಯಾಕ್ ಇರುವ ಹೊಸ ಗೋದಾಮಿಗೆ ಸರಿ. ನಮ್ಮಂಥ ಹಳೇ ಗಿರಣಿಗೆ ಅಲ್ಲ.

2021ರಲ್ಲಿ 2 ಟನ್ನಿನ ನಾಲ್ಕು ಚಕ್ರದ ಬ್ಯಾಟರಿ ಫೋರ್ಕ್‌ಲಿಫ್ಟ್ ಹೊಸದೇ ಬಂತು. ಈ ಸಲ ಟೇಪು ಹಿಡಿದು ಅಳೆದೆ. ಡೀಸೆಲ್ ಯಂತ್ರ ಪ್ಯಾಲೆಟ್ ಹೊತ್ತು ಲಂಬಕೋನದಲ್ಲಿ ತಿರುಗಲು 14 ಅಡಿ ದಾರಿ ಬೇಕಿತ್ತು. ಇದಕ್ಕೆ 13 ಅಡಿ ಸಾಕಾಯಿತು. ಮೂರು ಚಕ್ರದ್ದು ಇನ್ನೂ ಕಡಿಮೆ ಜಾಗದಲ್ಲಿ ತಿರುಗುತ್ತದೆ, ಆದರೆ ನಮ್ಮ ಏರುತಗ್ಗಿನ ಅಂಗಳಕ್ಕೆ ನನಗೆ ಧೈರ್ಯ ಬರಲಿಲ್ಲ. ನಿಟ್ಟುಗಳನ್ನು ಸರಿಸಿ ದಾರಿ ಮಾಡಿದೆವು, ಕುಸಿದ ಕಲ್ಲು ಕೀಳಿಸಿ ಕಾಂಕ್ರೀಟ್ ಹಾಕಿಸಿದೆವು. ಹೊಗೆಯಿಲ್ಲ, ಸದ್ದಿಲ್ಲ. ಅಕ್ಕಿಯ ಬಗ್ಗೆ ಮತ್ತೆ ದೂರು ಬಂದಿಲ್ಲ.

ಸದ್ದಿಲ್ಲದ್ದೇ ಒಂದು ಅಪಾಯವೂ ಆಯಿತು. ಗಿರಣಿಯ ಗದ್ದಲದಲ್ಲಿ ಹಿಂದಿನಿಂದ ಯಂತ್ರ ಬಂದದ್ದು ಹಮಾಲರಿಗೆ ಗೊತ್ತೇ ಆಗುತ್ತಿರಲಿಲ್ಲ. ನೆಲದ ಮೇಲೆ ನೀಲಿ ಬೆಳಕು ಬೀಳುವ ದೀಪ ಹಾಕಿಸಿದೆವು. ಮೂಲೆ ತಿರುಗುವ ಮೊದಲು ಆ ನೀಲಿ ಚುಕ್ಕೆ ಮುಂದೆ ಕಾಣುತ್ತದೆ. ಅಷ್ಟು ಸಣ್ಣ ಖರ್ಚಿನಲ್ಲಿ ಅದಕ್ಕಿಂತ ಒಳ್ಳೆಯ ವಸ್ತು ನಾನು ಕೊಂಡಿಲ್ಲ.

ಬ್ಯಾಟರಿ ಕಥೆ ಸ್ವಲ್ಪ ಉದ್ದ ಇದೆ, ಆದರೆ ದುಡ್ಡು ಹೋಗುವುದು ಇಲ್ಲೇ. ಮೊದಲು ಬಂದದ್ದು ಲೆಡ್ ಆಸಿಡ್, 48 ವೋಲ್ಟ್. ಇದರ ಲೆಕ್ಕ ಸರಳ. ಎಂಟು ಗಂಟೆ ದುಡಿತ, ಎಂಟು ಗಂಟೆ ಚಾರ್ಜ್, ಆಮೇಲೆ ಆರಲು ಹೊತ್ತು. ಒಂದು ಪಾಳಿಯ ಗಿರಣಿಗೆ ತೊಂದರೆಯಿಲ್ಲ. ಸುಗ್ಗಿಯಲ್ಲಿ ನಮ್ಮದು ಎರಡು ಪಾಳಿ. ಊಟದ ಹೊತ್ತಿಗೆ ಅರ್ಧ ಗಂಟೆ, ಚಹಾದ ಹೊತ್ತಿಗೆ ಹತ್ತು ನಿಮಿಷ ಚಾರ್ಜಿಗೆ ಹಾಕುತ್ತಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ, ಆದರೆ ಲೆಡ್ ಆಸಿಡ್ ಬ್ಯಾಟರಿಗೆ ಅದು ಆಗಿಬರುವುದಿಲ್ಲ. ಪೂರ್ತಿ ಬರಿದಾಗುವವರೆಗೆ ಓಡಿಸುವುದೂ ತಪ್ಪು, 20 ಶೇಕಡ ಉಳಿದಾಗ ನಿಲ್ಲಿಸಬೇಕು. ಡಿಸ್ಟಿಲ್ಡ್ ವಾಟರ್ ಚಾರ್ಜ್ ಆದ ಮೇಲೆ ತುಂಬಬೇಕು. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಗೆ ಚೆಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಏಳುತ್ತದೆ, ಗಾಳಿಯಾಡುವ ಜಾಗ ಬೇಕು, ಹತ್ತಿರ ಬೀಡಿ ಹಚ್ಚಬಾರದು. ಇದನ್ನೆಲ್ಲ ನಮಗೆ ಕಲಿಸಿಕೊಟ್ಟದ್ದು ಬ್ಯಾಟರಿ ಕೆಟ್ಟಮೇಲೆ. ನಮ್ಮ ಬಿಸಿಲೂ ಸೇರಿ ಮೂರು ವರ್ಷ ತುಂಬುವ ಮೊದಲೇ ಅದು ಮುಗಿಯಿತು.

ಆಗ ಲಿಥಿಯಂ ಹಾಕಿಸಿದೆವು. ನಡುನಡುವೆ ಚಾರ್ಜ್ ಮಾಡಬಹುದು, ನೀರು ತುಂಬುವ ಕೆಲಸವಿಲ್ಲ, ಕರೆಂಟ್ ಇದ್ದಾಗ ಬೇಗ ತುಂಬಿಸಿಕೊಳ್ಳಬಹುದು. ಎರಡು ಪಾಳಿಗೆ ಇದೇ ಸರಿ. ಬೆಲೆ ಮಾತ್ರ ಎದೆ ಝಲ್ಲೆನ್ನುವಂಥದ್ದು. ಬದಲಾಯಿಸುವವರಿಗೆ ಒಂದು ಎಚ್ಚರಿಕೆ. ಫೋರ್ಕ್‌ಲಿಫ್ಟಿನಲ್ಲಿ ಬ್ಯಾಟರಿ ಬರೀ ಕರೆಂಟ್ ಕೊಡುವ ಪೆಟ್ಟಿಗೆಯಲ್ಲ, ಅದು ಹಿಂದಿನ ಭಾರವೂ ಹೌದು. ಲಿಥಿಯಂ ತುಂಬ ಹಗುರ. ಕಡಿಮೆಯಾದ ತೂಕಕ್ಕೆ ಸಮನಾಗಿ ಕಬ್ಬಿಣದ ತಟ್ಟೆ ಕೂರಿಸದಿದ್ದರೆ ಭಾರ ಎತ್ತಿದಾಗ ಹಿಂದಿನ ಚಕ್ರ ಮೇಲೇಳುತ್ತದೆ. ನಾವು ಮೊದಲು ವಿಚಾರಿಸಿದ ಬ್ಯಾಟರಿ ವ್ಯಾಪಾರಿ ಈ ಮಾತೇ ಎತ್ತಲಿಲ್ಲ. ಬ್ಯಾಟರಿ ಕನಿಷ್ಠ ಎಷ್ಟು ಕೆಜಿ ಇರಬೇಕೆಂದು ಯಂತ್ರದ ತಗಡಿನ ಫಲಕದ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ.

ಈಗ ಟನ್ನಿನ ಮಾತು. ಫೋರ್ಕ್‌ಲಿಫ್ಟ್ ಒಂದು ತಕ್ಕಡಿ. ಮುಂದಿನ ಚಕ್ರವೇ ನಡುವಿನ ಆಧಾರ, ಒಂದು ಕಡೆ ಚೀಲ, ಇನ್ನೊಂದು ಕಡೆ ಯಂತ್ರದ ಹಿಂಭಾರ. 3 ಟನ್ ಎಂದು ಬರೆದದ್ದು ನಿಜವಾಗುವುದು ಭಾರದ ನಡುಭಾಗ ಫೋರ್ಕಿನ ಬೆನ್ನಿನಿಂದ 500 ಮಿಲಿಮೀಟರ್ ದೂರದಲ್ಲಿದ್ದಾಗ. 1200 ಮಿಲಿಮೀಟರ್ ಪ್ಯಾಲೆಟ್ಟನ್ನು ಉದ್ದುದ್ದ ಎತ್ತಿದರೆ ಆ ನಡುಭಾಗ 600ಕ್ಕೆ ಹೋಗುತ್ತದೆ. ಆಗ ನಮ್ಮ 3 ಟನ್ನಿನದು ಸುಮಾರು 2.7 ಟನ್ನಿನದಾಗುತ್ತದೆ. ತುಂಬ ಎತ್ತರಕ್ಕೆ ಎತ್ತಿದರೆ, ಮುಂದೆ ಏನಾದರೂ ಹೆಚ್ಚಿನ ಸಲಕರಣೆ ಜೋಡಿಸಿದರೆ ಇನ್ನೂ ಕಡಿಮೆ. ನಮ್ಮ ಒಂದು ಪ್ಯಾಲೆಟ್ ಮೇಲೆ 25 ಕೆಜಿಯ 40 ಚೀಲ, ಅಂದರೆ 1 ಟನ್. 2 ಟನ್ನಿನ ಯಂತ್ರ ಧಾರಾಳ ಸಾಕು. 3 ಟನ್ನಿನದು ನಮಗೆ ಬೇಕಿರಲಿಲ್ಲ, ಅದಕ್ಕಾಗಿ ಸುಮ್ನೆ ಅಗಲದ ದಾರಿ ಬಿಟ್ಟು ಜಾಗ ಕಳೆದುಕೊಂಡೆವು. ರಾಯಚೂರಿನ ಹತ್ತಿ ಜಿನ್ನಿಂಗ್‌ನವರ ಲೆಕ್ಕ ಬೇರೆ. ಅವರ ಬೇಲ್ ಒಂದೊಂದೂ 170 ಕೆಜಿ, ಪ್ಯಾಲೆಟ್ ಬದಲು ಎರಡು ಕಡೆಯಿಂದ ಅವಚಿ ಹಿಡಿಯುವ ಕ್ಲ್ಯಾಂಪ್ ಬೇಕು. ಕ್ಲ್ಯಾಂಪಿನ ತೂಕವನ್ನೂ ಯಂತ್ರವೇ ಹೊರಬೇಕಲ್ವಾ, ಹಾಗಾಗಿ ಅವರು ಟನ್ ಸ್ವಲ್ಪ ಜಾಸ್ತಿಯೇ ನೋಡಬೇಕು.

ಒಮ್ಮೆ ನಮ್ಮ ಅಂಗಳದಲ್ಲಿ ಪ್ಯಾಲೆಟ್ಟನ್ನು ಎದೆಮಟ್ಟಕ್ಕೆ ಎತ್ತಿಕೊಂಡೇ ಡ್ರೈವರ್ ರಭಸದಲ್ಲಿ ತಿರುಗಿಸಿದ. ಯಂತ್ರ ಒಂದು ಬದಿಗೆ ವಾಲಿ, ಚೀಲಗಳು ಜಾರಿ ಬಿದ್ದ ಮೇಲೆ ಮತ್ತೆ ನಾಲ್ಕು ಚಕ್ರದ ಮೇಲೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಓಡುವಾಗ ಫೋರ್ಕ್ ನೆಲದಿಂದ ಗೇಣಿಗಿಂತ ಮೇಲೆ ಇರಬಾರದು. ಇಳಿಜಾರಿನಲ್ಲಿ ಚೀಲ ಯಾವಾಗಲೂ ಏರಿನ ಕಡೆಗೇ ಇರಬೇಕು, ಇಳಿಯುವಾಗ ಹಿಮ್ಮುಖವಾಗಿ ಇಳಿಯಬೇಕು. ಬೆಲ್ಟ್ ಕಡ್ಡಾಯ. ಯಂತ್ರ ವಾಲಿದರೆ ಹಾರಬಾರದು, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಅದು ವಾಲುವ ಕಡೆಗೆ ವಿರುದ್ಧ ದಿಕ್ಕಿಗೆ ಬಾಗಬೇಕು. ಹಾರಿದವರ ಮೇಲೇ ಯಂತ್ರದ ಚಾವಣಿ ಬೀಳುವುದು. ಕಾರು, ಟ್ರ್ಯಾಕ್ಟರ್ ಓಡಿಸಿ ಬಂದವರಿಗೆ ಇನ್ನೊಂದು ಕಷ್ಟ, ಇದು ಹಿಂದಿನ ಚಕ್ರದಿಂದ ತಿರುಗುತ್ತದೆ. ಮುಂದೆ ನೋಡುತ್ತಾ ತಿರುಗಿಸಿದರೆ ಹಿಂಭಾಗ ಬೀಸಿ ಕಂಬಕ್ಕೆ ಬಡಿಯುತ್ತದೆ. ನಮ್ಮ ಎರಡು ಕಂಬಗಳ ಮೇಲೆ ಆ ಗುರುತು ಈಗಲೂ ಇದೆ. ಟ್ರೇನಿಂಗ್ ಇಲ್ಲದವರ ಕೈಗೆ ಕೀಲಿ ಕೊಡಬೇಡಿ.

ಕಾಕಾ ಕೇಳಿದ ಪ್ರಶ್ನೆಗೆ ಬರುತ್ತೇನೆ. ಪ್ಯಾಲೆಟ್ ಮೇಲೆ ಚೀಲ ಜೋಡಿಸುವುದು, ಲಾರಿಯೊಳಗೆ ಬಿಗಿಯಾಗಿ ನಿಟ್ಟು ಹಚ್ಚುವುದು ಇವತ್ತಿಗೂ ಹಮಾಲರ ಕೆಲಸವೇ. ಚೀಲದ ಲೆಕ್ಕದ ಹಮಾಲಿಯನ್ನು ಸಾಹುಕಾರರು ಇಳಿಸಲಿಲ್ಲ, ಅದಕ್ಕಾಗಿ ನಾನೂ ಮಾತಾಡಿದ್ದೆ. ಹಮಾಲರ ಮಕ್ಕಳಲ್ಲಿ ಇಬ್ಬರಿಗೆ ಯಂತ್ರ ಓಡಿಸಲು ಕಲಿಸಿದೆವು. ಅದರಲ್ಲಿ ಒಬ್ಬ ಕಾಕಾನ ಮಗ, ಈಗ ನಮ್ಮ ಬ್ಯಾಟರಿ ಯಂತ್ರದ ಡ್ರೈವರ್. ಆದರೆ ಒಟ್ಟು ಜನ ಕಡಿಮೆಯಾದದ್ದು ನಿಜ. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ.

ಕೊಳ್ಳುವುದೋ ಬಾಡಿಗೆಗೆ ತರುವುದೋ? ನಮ್ಮ ಕೆಲಸ ಕಾಲುವೆ ನೀರನ್ನು ನಂಬಿದ್ದು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿ ಹೋದಾಗ ನಾವು ಇನ್ನೊಂದು ಯಂತ್ರಕ್ಕೆ ಮುಂಗಡ ಕೊಡುವುದರಲ್ಲಿದ್ದೆವು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಇಳಿಸಿದರು, ಆದರೆ ಆ ವಾರ ಈ ಭಾಗದಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಮುಂಗಡ ಕೊಡಲಿಲ್ಲ. ಆ ಸುಗ್ಗಿಗೆ ಎರಡು ತಿಂಗಳು ಬಾಡಿಗೆ ಯಂತ್ರ ತಂದೆವು. ವರ್ಷವಿಡೀ ಕೆಲಸ ಇರುವ ಒಂದನ್ನು ಕೊಂಡು, ಸುಗ್ಗಿಯ ಹೆಚ್ಚುವರಿಗೆ ಬಾಡಿಗೆಯದನ್ನು ತರುವುದೇ ಈಗ ನಮ್ಮ ಪದ್ಧತಿ.

ಡೀಸೆಲ್ ಯಂತ್ರವನ್ನು ಕೊಟ್ಟುಬಿಟ್ಟಿಲ್ಲ. ಅಂಗಳಕ್ಕೆ ಅದೇ, ಒಳಗೆ ಬ್ಯಾಟರಿಯದು, ಪ್ಯಾಕಿಂಗ್ ಕೋಣೆಗೆ ಸ್ಟ್ಯಾಕರ್. ಈ ವರ್ಷ ಹಿಂದಿನ ಜಾಗದಲ್ಲಿ ಹೊಸ ಗೋದಾಮಿನ ಪಾಯ ಹಾಕುತ್ತಿದ್ದೇವೆ. ಮೇಸ್ತ್ರಿ ಶಟರಿಗೆ 10 ಅಡಿ ಬರೆದುಕೊಂಡು ಬಂದಿದ್ದರು. ನಾನು ಅದನ್ನು ಹೊಡೆದು 12 ಎಂದು ಬರೆದು, ನೆಲಕ್ಕೆ ಕಲ್ಲು ಬೇಡ, ಸಂದಿಲ್ಲದ ಕಾಂಕ್ರೀಟ್ ಬೇಕು ಎಂದು ಕೆಳಗೆ ಗೆರೆ ಎಳೆದು ಕೊಟ್ಟಿದ್ದೇನೆ.