ಮನೆಗೆ ಯಾವ ಇಂಟರ್ನೆಟ್? ಫೈಬರ್, ಲ್ಯಾನ್ ಕೇಬಲ್, ಏರ್‌ಫೈಬರ್ ಪಕ್ಕಪಕ್ಕ ಇಟ್ಟು ನೋಡಿದಾಗ

ಪ್ಲಾನ್ ಪಟ್ಟಿಯಲ್ಲಿ ಎಲ್ಲವೂ 100 ಎಂಬಿಪಿಎಸ್ಸೇ. ಬೆಲೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಆದರೆ ರಾತ್ರಿ ಎಂಟರ ಮೇಲೆ ಯಾವುದು ತಡವರಿಸುತ್ತದೆ, ಕರೆಂಟ್ ಹೋದಾಗ ಯಾವುದು ನಿಲ್ಲುತ್ತದೆ, ಸಿಡಿಲಿಗೆ ಯಾವುದು ಸುಡುತ್ತದೆ ಎನ್ನುವುದೆಲ್ಲ ಬೀದಿಯಿಂದ ಮನೆಯೊಳಗೆ ಬರುವ ಕೊನೆಯ ತುಂಡಿನ ಮೇಲೆ ನಿಂತಿದೆ. ಅದು ಗಾಜಿನ ಎಳೆಯೋ, ತಾಮ್ರದ ತಂತಿಯೋ, ರೇಡಿಯೋ ಅಲೆಯೋ? ಕಂಪನಿಯ ಹೆಸರು ಕೇಳುವ ಮೊದಲು ಇದನ್ನು ಕೇಳಿ.

ಗುರುತಿಸುವುದು ಕಷ್ಟವಿಲ್ಲ. ಅದೇ ಕನೆಕ್ಷನ್ ಇರುವ ಪಕ್ಕದ ಮನೆಯ ಇಂಟರ್ನೆಟ್ ಪೆಟ್ಟಿಗೆಯ (ಮೋಡೆಮ್ ಅಥವಾ ರೂಟರ್) ಹಿಂಭಾಗ ನೋಡಿ. ತೆಳ್ಳನೆಯ ಕೇಬಲ್ ಬಂದು, ತುದಿಯಲ್ಲಿ ಹಸಿರು ಅಥವಾ ನೀಲಿ ಬಣ್ಣದ ಚೌಕ ಪ್ಲಗ್ ಇದ್ದರೆ ಅದು ನಿಜವಾದ ಫೈಬರ್. ಲ್ಯಾಂಡ್‌ಲೈನ್ ಪಿನ್ನಿಗಿಂತ ಅಗಲವಾದ, ಎಂಟು ತಂತಿಯ ಪಾರದರ್ಶಕ ಪಿನ್ ಇದ್ದರೆ ಬೀದಿಯವರೆಗೆ ಫೈಬರ್ ಬಂದಿರಬಹುದು, ಮನೆಗೆ ಬಂದಿರುವುದು ತಾಮ್ರದ ಲ್ಯಾನ್ ಕೇಬಲ್. ಟೆರೇಸ್ ಮೇಲಿನ ಬಿಳಿ ಡಬ್ಬಿಯಿಂದ ವೈರ್ ಇಳಿದಿದ್ದರೆ ಅದು ಏರ್‌ಫೈಬರ್, ಅಂದರೆ ವೈರ್‌ಲೆಸ್.

ಮೊದಲು ಫೈಬರ್. ಇವತ್ತು ಹೆಚ್ಚಿನ ಮನೆಗಳಿಗೆ ಬರುವುದು ಜಿಪಾನ್ ತಂತ್ರಜ್ಞಾನದ್ದು. ಒಂದು ಎಳೆಯಲ್ಲಿ ಡೌನ್‌ಲೋಡ್‌ಗೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಅಪ್‌ಲೋಡ್‌ಗೆ 1.25 ಗಿಗಾಬಿಟ್, ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. 100 ಎಂಬಿಪಿಎಸ್ ಪ್ಲಾನಿಗೆ ಇದು ಧಾರಾಳ. ಇದರ ದೊಡ್ಡ ಗುಣ ಇನ್ನೊಂದಿದೆ: ಎಕ್ಸ್‌ಚೇಂಜಿನಿಂದ ನಿಮ್ಮ ಮನೆಯವರೆಗೆ ಕಂಬದ ಮೇಲಿದ್ದು ಒಂದು ಎಳೆಯ ಬೆಳಕನ್ನು ಹಲವು ಮನೆಗೆ ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಬೀದಿಯೆಲ್ಲ ಕತ್ತಲಾದರೂ ಅತ್ತ ಎಕ್ಸ್‌ಚೇಂಜಿನಲ್ಲಿ, ಇತ್ತ ನಿಮ್ಮ ಮನೆಯಲ್ಲಿ ಬ್ಯಾಟರಿ ಇದ್ದರೆ ಸಾಕು. ಮನೆಯ ಪೆಟ್ಟಿಗೆ ತಿನ್ನುವುದು ಹತ್ತು ವ್ಯಾಟ್ ಆಸುಪಾಸು. 30 ವ್ಯಾಟ್-ಅವರ್‌ನ ಒಂದು ಮಿನಿ ಯುಪಿಎಸ್ ಎರಡೂವರೆ ಗಂಟೆ ಎಳೆಯುತ್ತದೆ. ಕೊಳ್ಳುವಾಗ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಕೊಳ್ಳಿ. 12 ವೋಲ್ಟ್ 2 ಆಂಪಿಯರ್ ಬೇಡುವ ಪೆಟ್ಟಿಗೆಗೆ 1 ಆಂಪಿಯರ್ ಯುಪಿಎಸ್ ಕೊಟ್ಟರೆ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ.

ಫೈಬರ್ ಕೆಡುವುದು ಹೆಚ್ಚಾಗಿ ಕೊನೆಯ ಹತ್ತು ಅಡಿಯಲ್ಲೇ. ಇನ್‌ಸ್ಟಾಲ್ ಮಾಡಲು ಬಂದವರ ಹತ್ತಿರ ಎಳೆಯಲ್ಲಿ ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಇರುತ್ತದೆ, ರೀಡಿಂಗ್ ತೋರಿಸಿ ಎಂದು ಕೇಳಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ (ಬಲದ ಅಳತೆ, ಮೈನಸ್ ಸಂಖ್ಯೆ ದೊಡ್ಡದಾದಷ್ಟೂ ಬಲ ಕಡಿಮೆ) ಒಳಗಿದ್ದರೆ ನೆಮ್ಮದಿ. ಮೈನಸ್ 27ರ ಅಂಚಿನಲ್ಲಿದ್ದರೆ ಅಂದು ನಡೆದರೂ ಮುಂದೆ ಕೈಕೊಡುತ್ತದೆ. ಬೆಳಕು ಕಡಿಮೆಯಾಗಲು ಕಾರಣಗಳು ಗೊತ್ತಿರುವಂಥವೇ: ಟಿವಿ ಸ್ಟ್ಯಾಂಡ್ ಹಿಂದೆ ಕೇಬಲ್ಲನ್ನು ಚೂಪಾಗಿ ಮಡಚಿರುವುದು, ಹಸಿರು ಪ್ಲಗ್ಗನ್ನು ನೀಲಿ ಸಾಕೆಟ್ಟಿಗೆ ತುರುಕಿರುವುದು (ಹಸಿರಿನ ತುದಿ ಓರೆಯಾಗಿ ಕತ್ತರಿಸಿದ್ದು, ನೀಲಿಯದು ನೇರ, ಎರಡೂ ಕೂಡುವುದಿಲ್ಲ), ಪ್ಲಗ್ ತುದಿಗೆ ಬೆರಳು ತಾಗಿಸಿರುವುದು. ಕೈಯಲ್ಲೇ ಒತ್ತಿ ಕೂರಿಸುವ ಫಾಸ್ಟ್ ಕನೆಕ್ಟರ್‌ಗಿಂತ ಮೆಷಿನ್ನಿನಲ್ಲಿ ಕರಗಿಸಿ ಕೂಡಿಸುವ ಸ್ಪ್ಲೈಸಿಂಗ್ ಎಷ್ಟೋ ಮೇಲು. ನೂರಿನ್ನೂರು ರೂಪಾಯಿ ಹೆಚ್ಚು ಕೇಳಿದರೂ ಅದನ್ನೇ ಮಾಡಿಸಿಕೊಳ್ಳಿ.

ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಮೊದಲು ದೀಪಗಳನ್ನು ಓದಿ. ‘ಲಾಸ್’ (LOS) ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ, ಕೇಬಲ್ ತುಂಡಾಗಿದೆ ಅಥವಾ ಮಡಚಿದೆ. ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ. ‘ಪಾನ್’ (PON) ದೀಪ ಸ್ಥಿರವಾಗಿ ಹಸಿರಿದ್ದೂ ಇಂಟರ್ನೆಟ್ ಇಲ್ಲವೆಂದರೆ ನಿಮ್ಮ ಫೈಬರ್ ಸರಿಯಿದೆ, ತೊಂದರೆ ಲಾಗಿನ್‌ನಲ್ಲೋ ಅವರ ಕಡೆಯಲ್ಲೋ ಇದೆ. ಇಷ್ಟನ್ನು ಸ್ಪಷ್ಟವಾಗಿ ಹೇಳಿದರೆ ಲೈನ್‌ಮ್ಯಾನ್ ಒಂದು ಸುತ್ತು ಸುಮ್ಮನೆ ಬಂದುಹೋಗುವುದು ತಪ್ಪುತ್ತದೆ.

ಮಲೆನಾಡಿನಲ್ಲಿ ಫೈಬರ್ ಕಂಬದಿಂದ ಮರಕ್ಕೆ, ಮರದಿಂದ ಅಡಿಕೆ ತೋಟಕ್ಕೆ ಹಾರಿ ಬರುತ್ತದೆ. ಮಳೆಗಾಲದಲ್ಲಿ ಕೊಂಬೆ ಬಿದ್ದು ತುಂಡಾಗುವುದು ಖಂಡಿತ. ಅಲ್ಲಿ ಆಯ್ಕೆ ಮಾಡಬೇಕಾದ್ದು ಹತ್ತಿರದಲ್ಲಿ ಸ್ಪ್ಲೈಸಿಂಗ್ ಮೆಷಿನ್ ಇಟ್ಟುಕೊಂಡಿರುವ ಆಪರೇಟರನ್ನು. ಬಿಎಸ್‌ಎನ್‌ಎಲ್ ಫೈಬರ್ ಹಲವೆಡೆ ಸ್ಥಳೀಯ ಪಾಲುದಾರರ ಮೂಲಕವೇ ನಡೆಯುವುದರಿಂದ ಒಂದೂರಿನ ಅನುಭವ ಪಕ್ಕದೂರಿಗೆ ಹೊಂದುವುದಿಲ್ಲ. ಗಾಜಿನ ಎಳೆ ಸಿಡಿಲನ್ನು ಒಯ್ಯುವುದಿಲ್ಲ, ನಿಜ. ಆದರೆ ಕೇಬಲ್ ಜೋತು ಬೀಳದಂತೆ ಅದರ ಜೊತೆಗಿರುವ ಉಕ್ಕಿನ ತಂತಿ ಒಯ್ಯುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು. ಗುಡುಗು ಶುರುವಾದರೆ ಅಡಾಪ್ಟರ್ ಕಿತ್ತಿಡಿ, ಪೆಟ್ಟಿಗೆಗೆ ಅಪಾಯ ಹೆಚ್ಚಾಗಿ ಬರುವುದು ಆ ದಾರಿಯಿಂದ.

ಲ್ಯಾನ್ ಕೇಬಲ್ ಕನೆಕ್ಷನ್ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಪಿಜಿಗಳಲ್ಲಿ ಇನ್ನೂ ಇದೆ. ಅಗ್ಗ, ಅಪ್‌ಲೋಡ್ ಎಷ್ಟೋ ಕಡೆ ಡೌನ್‌ಲೋಡ್‌ನಷ್ಟೇ ಸಿಗುತ್ತದೆ. ಆದರೂ ಬೇರೆ ದಾರಿ ಇದ್ದರೆ ಬೇಡ ಎಂದೇ ನಮ್ಮ ಸಲಹೆ. ಇದರಲ್ಲಿ ಪ್ರತಿ 100 ಮೀಟರ್ ಒಳಗೆ ಕರೆಂಟ್ ಬೇಕಾದ ಒಂದು ನೆಟ್‌ವರ್ಕ್ ಸ್ವಿಚ್ (ಸಿಗ್ನಲ್ ಮುಂದಕ್ಕೆ ದಾಟಿಸುವ ಸಾಧನ) ಇರಬೇಕು, ಅದು ಯಾರದೋ ಟೆರೇಸಿನ ಡಬ್ಬಿಯಲ್ಲಿರುತ್ತದೆ. ಆ ಮನೆಯ ಕರೆಂಟ್ ಹೋದರೆ ನಿಮ್ಮ ಇಂಟರ್ನೆಟ್ಟೂ ಹೋಯಿತು. ಬಿಸಿಲಿಗೆ ಕೇಬಲ್ಲಿನ ಹೊದಿಕೆ ಬಿರಿದು ನೀರು ಇಳಿಯುತ್ತದೆ. 200 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿ ಟೆಸ್ಟಿನಲ್ಲಿ ಯಾವಾಗ ನೋಡಿದರೂ 94ರ ಹತ್ತಿರವೇ ನಿಂತಿದ್ದರೆ ಎಂಟು ತಂತಿಗಳಲ್ಲಿ ಯಾವುದೋ ಒಂದು ಕಡಿದಿದೆ, ಇಲ್ಲವೇ ಸ್ವಿಚ್ಚೇ 100 ಮೆಗಾಬಿಟ್‌ನದು.

ಏರ್‌ಫೈಬರ್ ಬೆಂಗಳೂರಿಗೆ ಬಂದದ್ದು 2023ರ ಸೆಪ್ಟೆಂಬರಿನಲ್ಲಿ, ಜಿಯೋ ಎಂಟು ನಗರಗಳಲ್ಲಿ ಶುರು ಮಾಡಿದಾಗ. ಏರ್‌ಟೆಲ್ ಕೂಡ ಕೊಡುತ್ತದೆ. ಬಾಡಿಗೆ ಮನೆ ಮತ್ತೆ ಮತ್ತೆ ಬದಲಿಸುವವರಿಗೆ, ರಸ್ತೆ ಅಗೆಯಲು ಬಿಡದ ಬಡಾವಣೆಗೆ, ಫೈಬರ್ ಬಾರದ ಊರಂಚಿಗೆ ಇದು ಒಳ್ಳೆಯದು. ಟವರ್‌ನ ಸಾಮರ್ಥ್ಯವನ್ನು ಸುತ್ತಲಿನ ಮೊಬೈಲ್‌ಗಳ ಜೊತೆ ಹಂಚಿಕೊಳ್ಳುವುದರಿಂದ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಕುಸಿಯುವುದು ಸಹಜ. ಬುಕ್ ಮಾಡುವ ಮೊದಲು ಅದೇ ಕಂಪನಿಯ 5ಜಿ ಸಿಮ್ ಇರುವ ಫೋನನ್ನು ರಾತ್ರಿ ಒಂಬತ್ತಕ್ಕೆ ಟೆರೇಸ್ ಮೇಲೆ ಹಿಡಿದು ಸ್ಪೀಡ್ ಟೆಸ್ಟ್ ಮಾಡಿ. ಬೆಳಗ್ಗೆ ಹತ್ತರ ಟೆಸ್ಟಿನಿಂದ ಏನೂ ತಿಳಿಯುವುದಿಲ್ಲ. ಹೊರಗಿನ ಡಬ್ಬಿ ಟವರ್ ಕಡೆ ಮುಖ ಮಾಡಿರಲಿ, ಎದುರಿಗೆ ನೀರಿನ ಟ್ಯಾಂಕ್ ಅಥವಾ ತೆಂಗಿನ ಗರಿ ಅಡ್ಡ ಬರದಿರಲಿ. ಸಿಗ್ನಲ್ ಮೈನಸ್ 80–90 ಡಿಬಿಎಂ ಇದ್ದರೆ ಚೆನ್ನ, ಮೈನಸ್ 110ರ ಹತ್ತಿರವಾದರೆ ಬೇಡ. ಕೆಲವು ಕಡೆ ಇದೇ ಹೆಸರಿನಲ್ಲಿ ಯುಬಿಆರ್ ರೇಡಿಯೋ (ಮೊಬೈಲ್ ಟವರಿನ 5ಜಿ ಬದಲು ಲೈಸೆನ್ಸ್ ಬೇಡದ ಅಲೆಗಳಲ್ಲಿ ನಡೆಯುವ ಸಂಪರ್ಕ) ಹಾಕುತ್ತಾರೆ. ಅದಕ್ಕೆ ಎದುರು ಕಟ್ಟಡದ ಆಂಟೆನಾ ನೇರ ಕಾಣಲೇಬೇಕು.

ಡೇಟಾ ಮಿತಿ ನೋಡದೆ ಸಹಿ ಹಾಕಬೇಡಿ. ಜಿಯೋ ಏರ್‌ಫೈಬರ್‌ನಲ್ಲಿ ತಿಂಗಳಿಗೆ 1000 ಜಿಬಿ, ಫೈಬರ್‌ನಲ್ಲಾದರೆ 3300 ಜಿಬಿ. ಎಚ್‌ಡಿ ವೀಡಿಯೊ ಗಂಟೆಗೆ ಸುಮಾರು 3 ಜಿಬಿ, 4ಕೆ ಸುಮಾರು 7 ಜಿಬಿ ತಿನ್ನುತ್ತದೆ. ದಿನಕ್ಕೆ ಐದು ಗಂಟೆ 4ಕೆ ಓಡಿಸುವ ಮನೆಗೆ 1000 ಜಿಬಿ ತಿಂಗಳು ಬರುವುದಿಲ್ಲ. ಪ್ಲಾನಿನ ಬೆಲೆಯ ಮೇಲೆ 18% ಜಿಎಸ್‌ಟಿ ಬೇರೆ.

ಹಳೆಯ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಕಾಗದದ ಮೇಲೆ 24 ಎಂಬಿಪಿಎಸ್, ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಇಳಿಕೆ. ಫೈಬರ್‌ಗೆ ಬದಲಾಯಿಸಿ. ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ 2025ರ ಜೂನ್‌ನಲ್ಲಿ ಪರವಾನಗಿ ಸಿಕ್ಕಿದೆ, ಆದರೆ ಅದರ ಡಿಶ್‌ಗೆ ತೆರೆದ ಆಕಾಶ ಬೇಕು, 50ರಿಂದ 100 ವ್ಯಾಟ್ ಕರೆಂಟೂ ಬೇಕು. ಮರಗಳ ನಡುವಿನ ಮನೆಗೆ ಇವೆರಡೂ ಕಷ್ಟದ ಬೇಡಿಕೆ.

ಸಿಸಿಟಿವಿ ಇರುವವರು ಇನ್ನೊಂದು ಪ್ರಶ್ನೆ ಕೇಳಿ: ಪಬ್ಲಿಕ್ ಐಪಿ (ನಿಮ್ಮ ಮನೆಗೆ ಮಾತ್ರ ಸೇರಿದ ಇಂಟರ್ನೆಟ್ ವಿಳಾಸ) ಕೊಡುತ್ತೀರಾ? ರೂಟರ್ ಪುಟದಲ್ಲಿ ವ್ಯಾನ್ ಐಪಿ (ಕಂಪನಿ ನಿಮ್ಮ ರೂಟರಿಗೆ ಕೊಟ್ಟ ವಿಳಾಸ) 100.64ರಿಂದ 100.127ರೊಳಗೆ ಶುರುವಾಗಿದ್ದರೆ ಒಂದೇ ವಿಳಾಸವನ್ನು ಹಲವು ಮನೆ ಹಂಚಿಕೊಂಡಿವೆ ಎಂದರ್ಥ. ಕ್ಯಾಮೆರಾ ಕಂಪನಿಯ ಆ್ಯಪ್ ನಡೆಯುತ್ತದೆ, ಹೊರಗಿನಿಂದ ನೇರ ಕ್ಯಾಮೆರಾಕ್ಕೆ ದಾರಿ ತೆರೆಯುವ ಪೋರ್ಟ್ ಫಾರ್ವರ್ಡಿಂಗ್ ನಡೆಯುವುದಿಲ್ಲ. ಎಂದೂ ಬದಲಾಗದ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ ಬೇಕಾದರೆ ಬೇರೆ ದುಡ್ಡು.

ವೇಗ ಕಡಿಮೆ ಎಂದು ದೂರುವ ಮೊದಲು ಲ್ಯಾಪ್‌ಟಾಪನ್ನು ಕೇಬಲ್ಲಿನಲ್ಲಿ ಜೋಡಿಸಿ ನೋಡಿ. 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇರುವ ಪೆಟ್ಟಿಗೆಯಿಂದ ಅಪಾರ್ಟ್‌ಮೆಂಟಿನಲ್ಲಿ ಎಷ್ಟೋ ಸಲ 40 ಎಂಬಿಪಿಎಸ್ ಬಂದರೆ ಹೆಚ್ಚು. 5 ಗಿಗಾಹರ್ಟ್ಸ್ ಇರುವುದನ್ನೇ ಕೇಳಿ ಪಡೆಯಿರಿ. ಆರು ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದರೆ ಇನ್‌ಸ್ಟಾಲೇಶನ್ ಉಚಿತ ಎಂದರೂ ಮೊದಲ ತಿಂಗಳನ್ನು ಮಾಸಿಕ ಪ್ಲಾನಿನಲ್ಲೇ ಕಳೆಯಿರಿ. ಪೆಟ್ಟಿಗೆ ಸಾಮಾನ್ಯವಾಗಿ ಕಂಪನಿಯದು. ಕನೆಕ್ಷನ್ ಬಿಡುವಾಗ ಅಡಾಪ್ಟರ್ ಸಮೇತ ಒಪ್ಪಿಸಿ, ಸೀರಿಯಲ್ ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ, ಡೆಪಾಸಿಟ್ ವಾಪಸ್ ಕೇಳಲು ಅದು ಬೇಕು.