ಯುಎಸ್‌ಬಿ, ಲ್ಯಾನ್, ಸೀರಿಯಲ್: ಮೀಟರನ್ನ ಕಂಪ್ಯೂಟರಿಗೆ ಜೋಡಿಸೋಕೆ ನಂಗೆ ಯಾವ್ದು ಒಗ್ಗಿತು

ವೋಲ್ಟೇಜ್, ಕರೆಂಟ್ ಅಳೆಯೋ ನನ್ನ ಬೆಂಚ್ ಮಲ್ಟಿಮೀಟರ್ ಹಿಂದೆ ಮೂರು ಸಾಕೆಟ್ ಇದೆ, ಯುಎಸ್‌ಬಿ, ಲ್ಯಾನ್ (ಈಥರ್ನೆಟ್), ಆಮೇಲೆ ಹಳೇ ಆರ್‌ಎಸ್-232, ಅಂದ್ರೆ ಸೀರಿಯಲ್. ಒಂದು ಬ್ಯಾಟರಿ ಹೇಗೆ ಇಳಿಯುತ್ತೆ ಅಂತ ರಾತ್ರಿಯೆಲ್ಲಾ ಸೆಕೆಂಡಿಗೊಂದು ರೀಡಿಂಗ್ ತಗೋಬೇಕಿತ್ತು, ಅದಕ್ಕೇ ಮೂರನ್ನೂ ಒಂದೊಂದು ವಾರ ಓಡಿಸಿ ನೋಡ್ದೆ.

ಮೊದ್ಲು ಯುಎಸ್‌ಬಿ. ಕೇಬಲ್ ಚುಚ್ಚಿ ಪೈಥಾನ್‌ನಲ್ಲಿ ಉಪಕರಣಗಳ ಜೊತೆ ಮಾತಾಡೋ ಪೈವೀಸಾ ಲೈಬ್ರರಿ ತೆಗೆದು "*ಐಡಿಎನ್?" ಅನ್ನೋ, ನೀನ್ಯಾರು ಅಂತ ಕೇಳೋ ಕಮಾಂಡ್ ಕಳ್ಸಿದ ತಕ್ಷಣ ಮೀಟರ್ ತನ್ನ ಮಾಡೆಲ್ಲು, ಸೀರಿಯಲ್ ನಂಬರ್ ಎಲ್ಲಾ ಒಪ್ಪಿಸ್ತು, ಐದು ನಿಮಿಷದ ಕೆಲ್ಸ. ಲಿನಕ್ಸ್‌ನಲ್ಲಿ ಮಾತ್ರ ಪರ್ಮಿಷನ್ ಇಲ್ಲ ಅಂತು, ಯಾವ ಉಪಕರಣ ಯಾರು ಬಳಸಬಹುದು ಅಂತ ಹೇಳೋ ಯುಡೆವ್ ರೂಲ್ ಒಂದು ಸಾಲು ಬರೆದ್ಮೇಲೆ ಸರಿಹೋಯ್ತು. ಆದ್ರೆ ಬೆಳಗ್ಗೆ ಎದ್ದು ಫೈಲ್ ನೋಡಿದ್ರೆ ಕೊನೇ ಸಾಲು 2:17ಕ್ಕೇ ನಿಂತಿದೆ, ಅದಾದ್ಮೇಲೆ ಏನೂ ಇಲ್ಲ. ಕರೆಂಟ್ ಉಳಿಸೋಕೆ ಅಂತ ಕಂಪ್ಯೂಟರೇ ಪೋರ್ಟನ್ನ ಮಲಗಿಸಿಬಿಟ್ಟಿತ್ತು. ಪವರ್ ಸೆಟ್ಟಿಂಗ್‌ನಲ್ಲಿ ಅದನ್ನ ಆಫ್ ಮಾಡಿದ್ಮೇಲೆ ಮತ್ತೆ ನಿಲ್ಲಲಿಲ್ಲ, ಆದ್ರೂ ಹೋದ ರಾತ್ರಿ ಹೋದಂಗೇ.

ನನ್ನನ್ನ ನಿಜವಾಗ್ಲೂ ಕಾಡಿದ್ದು ಗ್ರೌಂಡ್ ಲೂಪ್. ಅದೇ ವಾರ ಶಂಟ್ (ಕರೆಂಟ್ ಅಳೆಯೋಕೆ ಹಾಕೋ ಸಣ್ಣ ರೆಸಿಸ್ಟರ್) ಮೇಲಿನ ಕೆಲವೇ ಮಿಲಿವೋಲ್ಟ್ ನೋಡೋಕೆ ವೋಲ್ಟೇಜಿನ ಏರಿಳಿತವನ್ನ ಪರದೆ ಮೇಲೆ ಗೆರೆಯಾಗಿ ತೋರಿಸೋ ಆಸಿಲೋಸ್ಕೋಪನ್ನೂ ಯುಎಸ್‌ಬಿಗೆ ಹಾಕಿದ್ದೆ, ಪರದೆ ಮೇಲಿನ ಗೆರೆ ದಪ್ಪ ಆಗಿ ಕಂಬಳಿಹುಳದ ಥರ ಕಾಣ್ತಿತ್ತು. ಪ್ರೋಬ್ ಬದ್ಲಾಯಿಸ್ದೆ, ಸರ್ಕ್ಯೂಟ್ ಮೇಲೇ ಅನುಮಾನ ಪಟ್ಟೆ, ಸಾಕಾಗಿ ಯುಎಸ್‌ಬಿ ಕೇಬಲ್ ಕಿತ್ತ ಕ್ಷಣಕ್ಕೆ ಗೆರೆ ಸಣ್ಣಗಾಯ್ತು. ಸ್ಕೋಪಿನ ಗ್ರೌಂಡ್ ಮೇನ್ಸ್ ಅರ್ಥ್‌ಗೂ ಸೇರಿರುತ್ತೆ, ಯುಎಸ್‌ಬಿ ಮೂಲಕ ಕಂಪ್ಯೂಟರಿನ ಗ್ರೌಂಡ್‌ಗೂ ಸೇರುತ್ತೆ, ಎರಡು ದಾರಿ ಆಗಿ ಗದ್ದಲವೆಲ್ಲ ಅದ್ರಲ್ಲಿ ಸುತ್ತುತ್ತೆ.

ಲ್ಯಾನ್‌ನಲ್ಲಿ ಈ ಕಾಟ ಇಲ್ಲ, ಯಾಕಂದ್ರೆ ಈಥರ್ನೆಟ್ ಪೋರ್ಟ್ ಒಳಗೇ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತೆ, ಎರಡೂ ಕಡೆ ತಂತಿ ನೇರವಾಗಿ ತಾಗಲ್ಲ. ಶೀಲ್ಡ್ ಇರೋ ಕೇಬಲ್ ಹಾಕಿದ್ರೆ ಆ ಶೀಲ್ಡ್ ಮೂಲಕ ಗ್ರೌಂಡ್ ಮತ್ತೆ ಸೇರ್ಕೋಬಹುದು, ಅದಕ್ಕೆ ಶೀಲ್ಡ್ ಇಲ್ಲದ್ದೇ ಹಾಕಿ. ಶುರು ಮಾಡೋದು ಮಾತ್ರ ಯುಎಸ್‌ಬಿಯಷ್ಟು ಸಲೀಸಲ್ಲ. ಕಂಪ್ಯೂಟರಿಗೆ ನೇರ ಜೋಡಿಸಿದಾಗ ಅಡ್ರೆಸ್ ಕೊಡೋರು ಯಾರೂ ಇಲ್ದೆ ಮೀಟರ್ ಸ್ವಲ್ಪ ಹೊತ್ತು ಕಾದು ತಾನೇ 169.254 ಅಂತ ಶುರುವಾಗೋ ಅಡ್ರೆಸ್ ಹಾಕ್ಕೊಳ್ತು, ನಾನು ಅಷ್ಟರಲ್ಲಿ ಕೇಬಲ್ ಹಾಳಾಗಿದೆ ಅಂದ್ಕೊಂಡಿದ್ದೆ. ರೌಟರಿಗೆ ಹಾಕಿದ್ರೆ ಅಡ್ರೆಸ್ ಬೇಗ ಸಿಗುತ್ತೆ, ಆದ್ರೆ ಒಂದ್ಸಲ ಕರೆಂಟ್ ಹೋಗಿ ಬಂದ್ಮೇಲೆ ಬೇರೆ ಅಡ್ರೆಸ್ ಬಂದು ಸ್ಕ್ರಿಪ್ಟ್ ಕೈಕೊಡ್ತು. ಮೀಟರಿನ ಮ್ಯಾಕ್ ಅಡ್ರೆಸ್ (ಅದರ ನೆಟ್‌ವರ್ಕ್ ಗುರುತಿನ ನಂಬರ್) ನೋಡ್ಕೊಂಡು ರೌಟರಲ್ಲೇ ಅದಕ್ಕೊಂದು ಐಪಿ ಕಾಯ್ದಿರಿಸಿದೆ, ಇದನ್ನ ಮೊದಲ ದಿನವೇ ಮಾಡ್ಬೇಕು.

ಇನ್ನೊಂದು ಫೈರ್‌ವಾಲ್. ವಿಎಕ್ಸ್‌ಐ-11 ಅನ್ನೋ, ಲ್ಯಾನ್ ಮೂಲಕ ಉಪಕರಣದ ಜೊತೆ ಮಾತಾಡೋ ಹಳೇ ವಿಧಾನ 111ನೇ ನೆಟ್‌ವರ್ಕ್ ಪೋರ್ಟಲ್ಲಿ ಕೇಳಿ ಆಮೇಲೆ ಬೇರೆ ಪೋರ್ಟಿಗೆ ಹೋಗುತ್ತೆ, ಫೈರ್‌ವಾಲ್ ಅದನ್ನ ತಡೆದ್ರೆ ಟೈಮ್‌ಔಟ್ ಬಿಟ್ಟು ಬೇರೇನೂ ಕಾಣಲ್ಲ. ನಾನು ಒಂದೇ ಪೋರ್ಟಿಗೆ ಕಮಾಂಡ್ ಕಳ್ಸೋ ನೇರ ನೆಟ್‌ವರ್ಕ್ ಸಾಕೆಟ್‌ಗೆ ಬಂದ್ಬಿಟ್ಟೆ, ನನ್ನ ಮೀಟರಲ್ಲಿ ಅದು 5025ನೇ ಪೋರ್ಟು, ಸುಮಾರು ಉಪಕರಣಗಳಲ್ಲೂ ಇದೇ, ಕೆಲವದ್ರಲ್ಲಿ ಬೇರೆ, ಮ್ಯಾನ್ಯುಯಲ್ ನೋಡಿ. ಈ ಪೋರ್ಟಿಗೆ ಸಾಮಾನ್ಯವಾಗಿ ಪಾಸ್‌ವರ್ಡೇ ಇರಲ್ಲ, ದಯವಿಟ್ಟು ಇದನ್ನ ಇಂಟರ್ನೆಟ್ಟಿಗೆ ತೆರೆದಿಡಬೇಡಿ.

ಸೀರಿಯಲ್ ಬಗ್ಗೆ ಹೇಳ್ಬೇಕಂದ್ರೆ, ಅರ್ಧ ದಿನ ಉತ್ತರವೇ ಬರ್ಲಿಲ್ಲ. 2 ಮತ್ತು 3ನೇ ಪಿನ್ ಅಡ್ಡ ಬದಲಾದ ನಲ್ ಮೋಡೆಮ್ ಕೇಬಲ್ ಬೇಕಿತ್ತು, ನನ್ನ ಹತ್ರ ಇದ್ದಿದ್ದು ನೇರದ್ದು. ಅದಾದ್ಮೇಲೆ ಸಾಲು ಮುಗೀತು ಅಂತ ಹೇಳೋ ಕೊನೇ ಅಕ್ಷರ ಎರಡೂ ಕಡೆ ಹೊಂದದೆ ಪ್ರೋಗ್ರಾಂ ಕಾಯ್ತಾ ಕೂತಿತ್ತು. 9600 ಬಾಡ್ ವೇಗ ಅಂದ್ರೆ ಸೆಕೆಂಡಿಗೆ ಹೆಚ್ಚೂಕಮ್ಮಿ 960 ಅಕ್ಷರ, ಒಂದು ರೀಡಿಂಗಿಗೆ ಧಾರಾಳವಾಯ್ತು, ಆಸಿಲೋಸ್ಕೋಪಿನ ಉದ್ದ ಅಲೆ ತರಿಸೋಕೆ ಮಾತ್ರ ಆಗದ ಮಾತು. ಒಮ್ಮೆ ಹೊಂದಿಕೊಂಡ್ಮೇಲೆ ಇಡೀ ವಾರ ಒಂದೇ ಒಂದು ಸಾಲೂ ತಪ್ಪಲಿಲ್ಲ, ಮೆಚ್ಚಲೇಬೇಕು.

ಈಗ ಮೀಟರೂ ಸ್ಕೋಪೂ ಲ್ಯಾನ್‌ನಲ್ಲೇ ಇವೆ, ಹತ್ತು ನಿಮಿಷದ ಕೆಲ್ಸ ಇದ್ರೆ ಮಾತ್ರ ಯುಎಸ್‌ಬಿ. ಸ್ಕ್ರಿಪ್ಟಲ್ಲಿ ಪ್ರತಿ ರೀಡಿಂಗ್ ಆದ ಕೂಡ್ಲೇ ಫೈಲಿಗೆ ಬರೆಸ್ತೀನಿ, ಟೈಮ್‌ಔಟ್ ಬಂದ್ರೆ ಐದು ಸೆಕೆಂಡ್ ಬಿಟ್ಟು ಅದೇ ಮತ್ತೆ ಕನೆಕ್ಟ್ ಆಗುತ್ತೆ.